ಅಸೆಂಬ್ಲಿ ಇನ್‌ಕ್ಲೂಡ್ ಕಡತದಲ್ಲಿ ಸಿಗದ ಸ್ಥಿರಾಂಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ, ಇಲ್ಲವೇ ಹಿಂಜವಡಿ, ಖರಾಡಿ ಕಡೆಯ ಕಂಪನಿಗಳಲ್ಲಿ ದುಡಿಯುತ್ತಿರುವ ಕೆಲವು ಕನ್ನಡಿಗರು ಭಾನುವಾರದ ಬೆಳಿಗ್ಗೆ ಕೋಥ್ರೂಡಿನ ನಮ್ಮ ಮನೆಯಲ್ಲಿ ಸೇರಿ ಅಸೆಂಬ್ಲಿ ಭಾಷೆಯ ಅಭ್ಯಾಸ ನಡೆಸುತ್ತಾರೆ. ಬೆಳಗಾವಿ, ವಿಜಯಪುರ, ಕಲಬುರಗಿ ಜಿಲ್ಲೆಗಳಿಂದ ಬಂದವರೇ ಅವರಲ್ಲಿ ಹೆಚ್ಚು. ಅಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಲ್ಲಿ ಒಂದೇ ಜಾತಿಯವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ: ಸ್ಥಿರಾಂಕಗಳ, ಅಂದರೆ ಬದಲಾಗದ ಬೆಲೆಗೆ ಇಟ್ಟ ಹೆಸರುಗಳ, ಪಟ್ಟಿಯಾದ ಇನ್‌ಕ್ಲೂಡ್ ಕಡತದಲ್ಲಿ ಬೇಕಾದ ಹೆಸರು ಸಿಗದಿದ್ದಾಗ ಏಳುವವು. ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ; ನಿಮ್ಮ ಕಡತದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪಿಸಬೇಕು. ಬೇರೆ ರೀತಿ ಹೇಳದ ಕಡೆ ಸಂಖ್ಯೆಗಳೆಲ್ಲ ದಶಮಾನದವು.

ಪುಸ್ತಕದಲ್ಲಿರುವ ಹೆಸರನ್ನೇ ಬರೆದಿದ್ದರೂ ಅಸೆಂಬ್ಲರ್ ಆ ಹೆಸರು ತನಗೆ ಗೊತ್ತಿಲ್ಲವೆನ್ನುವುದು ಏಕೆ?

ಅಸೆಂಬ್ಲಿಯನ್ನು ಯಂತ್ರಭಾಷೆಗೆ ತಿರುಗಿಸುವ ಅಸೆಂಬ್ಲರ್‌ಗೆ ಗೊತ್ತಿರುವುದು ಪ್ರೊಸೆಸರ್‌ನ ಆದೇಶಗಳು ಮತ್ತು ರಿಜಿಸ್ಟರ್‌ಗಳ ಹೆಸರುಗಳು ಮಾತ್ರ. ಕಡತ ತೆರೆಯುವಾಗ, ಇಲ್ಲದಿದ್ದರೆ ಸೃಷ್ಟಿಸು ಎಂದು ಕೊಡುವ ಓ_ಕ್ರಿಯಟ್ ಆಗಲಿ, ಕಿಟಕಿಯನ್ನು ಮತ್ತೆ ಬಿಡಿಸು ಎನ್ನುವ ವಿಂಡೋಸ್‌ನ ಡಬ್ಲ್ಯೂಎಮ್_ಪೇಂಟ್ ಸಂದೇಶವಾಗಲಿ ಕಾರ್ಯಾಚರಣ ವ್ಯವಸ್ಥೆಯ ಮಾತುಗಳು. ಅವುಗಳ ಬೆಲೆಗಳು ಅಧಿಕೃತವಾಗಿ ಇರುವುದು ಸಿ ಭಾಷೆಯ ಹೆಡರ್ ಕಡತಗಳಲ್ಲಿ. ಆ ಹೆಡರ್‌ಗಳು ಅಸೆಂಬ್ಲರ್‌ಗೆ ಓದಲು ಬರುವುದಿಲ್ಲವಾದ್ದರಿಂದ ಯಾರೋ ಕುಳಿತು ಅವುಗಳನ್ನು ಅಸೆಂಬ್ಲಿಯ ಇನ್‌ಕ್ಲೂಡ್ ಕಡತವಾಗಿ ಬದಲಾಯಿಸಿರಬೇಕು. ಬದಲಾಯಿಸಿದವರಿಗೆ ಅಂದು ಬೇಕಿಲ್ಲದ್ದು, ಅವರ ಕಣ್ಣಿಗೆ ಬೀಳದ್ದು, ಅವರು ಕೈಬಿಟ್ಟ ಮೇಲೆ ಹೊಸದಾಗಿ ಸೇರಿದ್ದು, ಇವೆಲ್ಲ ನಿಮ್ಮ ಕಡತದಲ್ಲಿ ಇಲ್ಲದ ಸ್ಥಿರಾಂಕಗಳು. ಮೈಕ್ರೋಸಾಫ್ಟ್‌ನ ಅಸೆಂಬ್ಲರ್ ಆದ ಮ್ಯಾಸ್ಮ್‌ಗಾಗಿ ಇರುವ ಮ್ಯಾಸ್ಮ್32 ಪ್ಯಾಕೇಜಿನ ವಿಂಡೋಸ್ ಇನ್‌ಕ್ಲೂಡ್ ಕಡತ ಇಂತಹ ಒಂದು ದೊಡ್ಡ ಸಂಗ್ರಹ. ಮೈಕ್ರೋಸಾಫ್ಟ್‌ನ ವಿಂಡೋಸ್ ಎಸ್‌ಡಿಕೆಯಲ್ಲಿ, ಅಂದರೆ ವಿಂಡೋಸ್ ಪ್ರೋಗ್ರಾಮ್ ಬರೆಯುವವರಿಗೆ ಕೊಡುವ ಸಾಮಗ್ರಿಯಲ್ಲಿ, ಈ ಸ್ಥಿರಾಂಕಗಳು ಇರುವುದು ಸಿ ಹೆಡರ್‌ಗಳಲ್ಲಿ. ಇನ್ನೊಂದು ಅಸೆಂಬ್ಲರ್ ಆದ ನ್ಯಾಸ್ಮ್ ಅಂತೂ ಯಾವ ವ್ಯವಸ್ಥೆಯ ಸ್ಥಿರಾಂಕಗಳನ್ನೂ ಜೊತೆಗೆ ಕೊಡುವುದಿಲ್ಲ.

ಮೊದಲಿಗೆ ಏನನ್ನು ಪರೀಕ್ಷಿಸಬೇಕು?

ಕಾಗುಣಿತವನ್ನು. ಓ_ಕ್ರಿಯಟ್ ಎಂಬ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಇ ಅಕ್ಷರವಿಲ್ಲ. ಯುನಿಕ್ಸನ್ನು ಮತ್ತೊಮ್ಮೆ ರೂಪಿಸುವುದಾದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದಾಗ ಅದನ್ನು ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಕ್ರಿಯಟ್ ಎಂಬ ಕರೆಯ ಹೆಸರಿಗೆ ಆ ಇ ಅಕ್ಷರವನ್ನು ಸೇರಿಸುತ್ತೇನೆ ಎಂದದ್ದು ಪ್ರಸಿದ್ಧವಾದ ಸಂಗತಿ; ನಾವಂತೂ ಪ್ರತಿ ಹೊಸ ತಂಡದಲ್ಲಿ ಆ ಅಕ್ಷರವನ್ನು ಒಮ್ಮೆಯಾದರೂ ಅಳಿಸುತ್ತೇವೆ. ನ್ಯಾಸ್ಮ್‌ಗೆ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂಬುದನ್ನೂ ನೆನಪಿಡಿ.

ಕಾಗುಣಿತ ಸರಿಯಿದ್ದರೆ ಸಂಖ್ಯೆಗಳ ಮೇಲೆ ಕಣ್ಣಾಡಿಸಿ. ಹೆಕ್ಸ್, ಅಂದರೆ ಹದಿನಾರರ ಮಾನದ ಸಂಖ್ಯೆಯನ್ನು ಕೊನೆಯಲ್ಲಿ ಎಚ್ ಹಾಕಿ ಬರೆಯುವ ಪದ್ಧತಿಯಲ್ಲಿ ಮೊದಲ ಅಕ್ಷರ ಅಂಕಿಯೇ ಆಗಿರಬೇಕು. 255 ಎಂಬುದಕ್ಕೆ ಬರಿ ಎಫ್‌ಎಫ್‌ಎಚ್ ಎಂದು ಬರೆದರೆ ಅಸೆಂಬ್ಲರ್ ಅದನ್ನು ಹೆಸರೆಂದು ತಿಳಿದು ಹುಡುಕುತ್ತದೆ; ಸಿಗದಿದ್ದಾಗ ಮ್ಯಾಸ್ಮ್ ಎ2006 ಎಂಬ ದೋಷವನ್ನು ತೋರಿಸುತ್ತದೆ, ನೀವು ಕಾಣೆಯಾಗದ ಸ್ಥಿರಾಂಕವನ್ನು ಹುಡುಕಲು ಹೊರಡುತ್ತೀರಿ. ಮುಂದೆ ಒಂದು ಸೊನ್ನೆ ಹಾಕಿದರೆ ಮುಗಿಯಿತು. 10 ಎಂಬುದಕ್ಕೆ ಎಎಚ್ ಎಂದು ಬರೆದರೆ ಇನ್ನೂ ಅಪಾಯ, ಏಕೆಂದರೆ ಎಎಚ್ ಎಂಬ ರಿಜಿಸ್ಟರ್ ನಿಜವಾಗಿಯೂ ಇರುವುದರಿಂದ ದೋಷವೇ ಬರುವುದಿಲ್ಲ.

ಗ್ಯಾಸ್ ಬಳಸುವಾಗ ಅಸೆಂಬ್ಲರ್ ಸುಮ್ಮನಿದ್ದು ಲಿಂಕರ್ ದೂರುವುದು ಏಕೆ?

ಗ್ಯಾಸ್, ಅಂದರೆ ಗ್ನೂ ಅಸೆಂಬ್ಲರ್, ತನಗೆ ಗೊತ್ತಿಲ್ಲದ ಪ್ರತಿ ಹೆಸರನ್ನೂ ಬೇರೆ ಕಡತದಲ್ಲಿರಬಹುದಾದ ವಿಳಾಸವೆಂದು ಭಾವಿಸಿ ಮುಂದಕ್ಕೆ ದಾಟಿಸುತ್ತದೆ. ಅದು ಎಲ್ಲೂ ಇಲ್ಲವೆಂದು ಗೊತ್ತಾಗುವುದು ಲಿಂಕರ್ ಆ ಕಡತಗಳನ್ನು ಒಂದೇ ಪ್ರೋಗ್ರಾಮ್ ಆಗಿ ಜೋಡಿಸುವಾಗ. ಇದೇ ಅಸೆಂಬ್ಲರ್‌ನ ಎಟಿ ಅಂಡ್ ಟಿ ಶೈಲಿಯಲ್ಲಿ ಸ್ಥಿರಾಂಕದ ಮುಂದೆ ಡಾಲರ್ ಚಿಹ್ನೆ ಮರೆತರೆ, ಬೆಲೆಯ ಬದಲು ಆ ಬೆಲೆಯನ್ನು ವಿಳಾಸವೆಂದು ಭಾವಿಸಿ ಅಲ್ಲಿರುವುದನ್ನು ಓದಲು ಹೋಗುತ್ತದೆ. ತನ್ನದಲ್ಲದ ಸ್ಮರಣೆಯನ್ನು ಮುಟ್ಟಿದ ಪ್ರೋಗ್ರಾಮ್ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಬೀಳುತ್ತದೆ. ಸ್ಥಿರಾಂಕವನ್ನು ಸರಿಯಾಗಿ ಸೇರಿಸಿದ ಮೇಲೂ ಪ್ರೋಗ್ರಾಮ್ ಬಿದ್ದರೆ ಮೊದಲು ಡಾಲರ್ ಎಣಿಸಿ.

ಸಿಗದ ಸ್ಥಿರಾಂಕದ ಸರಿಯಾದ ಬೆಲೆಯನ್ನು ಎಲ್ಲಿಂದ ಪಡೆಯಬೇಕು?

ನಿಮ್ಮ ಪ್ರೋಗ್ರಾಮ್ ಯಾವ ವ್ಯವಸ್ಥೆಯ ಮೇಲೆ ಓಡಬೇಕೋ ಆ ವ್ಯವಸ್ಥೆಯ ಸಿ ಹೆಡರ್‌ನಿಂದ, ಅದೂ ಸಿ ಕಂಪೈಲರ್‌ನ ಬಾಯಿಂದ. ಕಣ್ಣಿನಿಂದ ಓದಿ ನಕಲು ಮಾಡುವುದಕ್ಕಿಂತ ಇದು ಏಕೆ ಮೇಲು ಎಂಬುದು ಮುಂದಿನ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಅತಿ ಸುಲಭವಾದ ದಾರಿಯೆಂದರೆ ಹದಿನೈದು ಸಾಲಿನ ಒಂದು ಸಿ ಪ್ರೋಗ್ರಾಮ್. ಬೇಕಾದ ಹೆಡರ್‌ಗಳನ್ನು ಸೇರಿಸಿ, ಹೆಸರೊಂದನ್ನು ಕೊಟ್ಟರೆ ಆ ಹೆಸರು, ಅಸೆಂಬ್ಲಿಯಲ್ಲಿ ಹೆಸರಿಗೆ ಬೆಲೆ ಕಟ್ಟುವ ಈಕ್ವು ಎಂಬ ಪದ ಮತ್ತು ಬೆಲೆ ಮೂರನ್ನೂ ಒಂದೇ ಸಾಲಿನಲ್ಲಿ ಮುದ್ರಿಸುವ ಮ್ಯಾಕ್ರೊ ಬರೆಯಿರಿ. ಸಿ ಮ್ಯಾಕ್ರೊದಲ್ಲಿ ಹ್ಯಾಶ್ ಚಿಹ್ನೆ ಹಾಕಿದರೆ ಹೆಸರನ್ನೇ ಅಕ್ಷರಗಳ ಸಾಲಾಗಿ ಪಡೆಯಬಹುದು. ಬೆಲೆಯನ್ನು ಲಾಂಗ್ ಲಾಂಗ್ ಆಗಿ ಬದಲಾಯಿಸಿ ಮುದ್ರಿಸಿರಿ, ಇಲ್ಲವಾದರೆ ವಿಂಡೋಸ್‌ನ ಜೆನೆರಿಕ್_ರೀಡ್‌ನಂತಹ 2147483648 ಬೆಲೆಯ ಸ್ಥಿರಾಂಕ ಋಣ ಸಂಖ್ಯೆಯಾಗಿ ಹೊರಬರುತ್ತದೆ. ಪ್ರೋಗ್ರಾಮ್ ಮುದ್ರಿಸಿದ್ದನ್ನು ಕಡತಕ್ಕೆ ತಿರುಗಿಸಿದರೆ ಅದೇ ನಿಮ್ಮ ಇನ್‌ಕ್ಲೂಡ್ ಕಡತ. ಮೇಕ್‌ಫೈಲ್‌ನಲ್ಲಿ ಇದನ್ನೊಂದು ಹೆಜ್ಜೆಯಾಗಿ ಸೇರಿಸಿಟ್ಟರೆ ಪ್ರತಿ ಸಲವೂ ತಾನೇ ತಯಾರಾಗುತ್ತದೆ. ಹಲವು ಬೆಲೆಗಳನ್ನು ಒಟ್ಟಿಗೆ ಹಿಡಿದಿಡುವ ಸ್ಟ್ರಕ್ಚರ್‌ಗಳ ಅಳತೆ ಮತ್ತು ಅವುಗಳೊಳಗಿನ ಅಂತರಗಳನ್ನೂ ಇದೇ ಪ್ರೋಗ್ರಾಮ್‌ನಿಂದ ಸೈಜ್‌ಆಫ್, ಆಫ್‌ಸೆಟ್‌ಆಫ್ ಮೂಲಕ ಪಡೆಯಿರಿ. ಉದಾಹರಣೆಗೆ 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಸ್ಟ್ಯಾಟ್ ಎಂಬ ಸ್ಟ್ರಕ್ಚರ್ 144 ಬೈಟ್ ಉದ್ದವಿದ್ದು, ಕಡತದ ಗಾತ್ರ ಅದರ 48ನೇ ಬೈಟ್‌ನಿಂದ ಆರಂಭವಾಗುತ್ತದೆ. ಇದನ್ನು ಬೆರಳೆಣಿಸಿ ಲೆಕ್ಕ ಹಾಕಲು ಹೋದವರು ನಡುವೆ ಇರುವ ಭರ್ತಿಯ ಬೈಟ್‌ಗಳಲ್ಲಿ ಎಡವುತ್ತಾರೆ.

ಪ್ರೋಗ್ರಾಮನ್ನು ಓಡಿಸಲು ಆ ಯಂತ್ರವೇ ಕೈಯಲ್ಲಿಲ್ಲದಿದ್ದರೆ, ಬೆಲೆಗಳನ್ನು ಒಂದು ಸರಣಿಯಲ್ಲಿಟ್ಟು, ಆ ಪ್ರೊಸೆಸರ್‌ನ ಕ್ರಾಸ್ ಕಂಪೈಲರ್‌ನಿಂದ ಅಸೆಂಬ್ಲಿ ಕಡತವನ್ನಷ್ಟೇ ಹುಟ್ಟಿಸಿ ಓದಿಕೊಂಡರೆ ಸಾಕು. ಲಿನಕ್ಸ್‌ನ ತಿರುಳಾದ ಕರ್ನಲ್ ಕೂಡ ತನ್ನ ಅಸೆಂಬ್ಲಿ ಭಾಗಗಳಿಗೆ ಬೇಕಾದ ಅಂತರಗಳನ್ನು ಎಎಸ್‌ಎಮ್-ಆಫ್‌ಸೆಟ್ಸ್ ಎಂಬ ಸಿ ಕಡತದಿಂದ ಹೀಗೆಯೇ ತೆಗೆಯುತ್ತದೆ. ವಿಂಡೋಸ್ ಇಲ್ಲದವರು ಲಿನಕ್ಸ್‌ನಲ್ಲಿಯೇ ವಿಂಡೋಸ್‌ಗಾಗಿ ಕಂಪೈಲ್ ಮಾಡುವ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಹಾಕಿಕೊಂಡು ವಿಂಡೋಸ್‌ನ ಬೆಲೆಗಳನ್ನು ಪಡೆಯಬಹುದು.

ಜಿಸಿಸಿ ಎಂಬ ಸಿ ಕಂಪೈಲರ್‌ಗೆ ದೊಡ್ಡಕ್ಷರದ ಇ, ಮತ್ತು ಚಿಕ್ಕಕ್ಷರದ ಡಿ ಹಾಗೂ ದೊಡ್ಡಕ್ಷರದ ಎಮ್ ಕೂಡಿದ ಡಿಎಮ್ ಎಂಬ ಎರಡು ಆಯ್ಕೆಗಳನ್ನು ಕೊಟ್ಟರೆ ಹೆಡರ್‌ನಲ್ಲಿರುವ ಮ್ಯಾಕ್ರೊಗಳನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆಂಬುದು ನಿಜ. ಆದರೆ ಈನಮ್ ಮೂಲಕ ಘೋಷಿಸಿದ ಸ್ಥಿರಾಂಕಗಳು ಆ ಪಟ್ಟಿಯಲ್ಲಿ ಬೆಲೆಯೊಂದಿಗೆ ಬರುವುದಿಲ್ಲ, ಮತ್ತು ಒಂದು ಮ್ಯಾಕ್ರೊ ಇನ್ನೊಂದನ್ನು ತೋರಿಸಿ ಕೈತೊಳೆದುಕೊಳ್ಳುವುದೂ ಉಂಟು. ಹುಡುಕಲು ಅದು ಒಳ್ಳೆಯದು, ಬೆಲೆ ಪಡೆಯಲು ಪ್ರೋಗ್ರಾಮೇ ಒಳ್ಳೆಯದು.

ಹೆಡರ್ ಕಡತವನ್ನು ನೋಡಿ ಬೆಲೆಯನ್ನು ಕೈಯಿಂದಲೇ ನಕಲು ಮಾಡಿದರೆ ಏನು ತೊಂದರೆ?

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಂದು ಕಡತವನ್ನು ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಮ್ ಬರೆದಿದ್ದ ವಿಜಯಪುರದ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು, "ಸರ್, ಮೊದಲ್ನೇ ಸಲ ಓಡ್ತದ, ಎರಡ್ನೇ ಸಲ ಓಡಂಗಿಲ್ಲ" ಎಂದ. ಹೊಸ ಕಡತವನ್ನು ಅಳಿಸಿದರೆ ಮತ್ತೆ ಒಂದು ಸಲ ಓಡುತ್ತಿತ್ತು. ನ್ಯಾಸ್ಮ್‌ನಲ್ಲಿ ಬರೆದ ಪ್ರೋಗ್ರಾಮ್. ಲಿನಕ್ಸ್‌ನ ಹೆಡರ್ ನೋಡಿ ಓ_ಕ್ರಿಯಟ್‌ಗೆ 0100, ಇರುವ ಕಡತವನ್ನು ಖಾಲಿ ಮಾಡಿಸುವ ಓ_ಟ್ರಂಕ್‌ಗೆ 01000 ಎಂದು ಇದ್ದಂತೆಯೇ ಇಳಿಸಿಕೊಂಡಿದ್ದ. ಒಂದಂಕಿಯೂ ತಪ್ಪಿರಲಿಲ್ಲ.

ತಪ್ಪಿದ್ದು ಸಂಖ್ಯೆಯ ಮಾನ. ಸಿ ಭಾಷೆಯಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಆಕ್ಟಲ್, ಅಂದರೆ ಎಂಟರ ಮಾನದ್ದು. ಆದ್ದರಿಂದ ಹೆಡರ್‌ನ 0100 ಎಂದರೆ 64, 01000 ಎಂದರೆ 512. ನ್ಯಾಸ್ಮ್ ಮತ್ತು ಮ್ಯಾಸ್ಮ್ ಎರಡೂ ಮುಂದಿನ ಸೊನ್ನೆಗೆ ಬೆಲೆ ಕೊಡದೆ ಅವನ್ನು ನೂರು, ಸಾವಿರ ಎಂದೇ ಓದುತ್ತವೆ. ಗ್ಯಾಸ್ ಮಾತ್ರ ಸಿ ಭಾಷೆಯಂತೆ ಆಕ್ಟಲ್ ಎಂದು ಓದುತ್ತದೆ. ನೂರು ಎಂದರೆ 64, 32 ಮತ್ತು 4 ಕೂಡಿದ್ದು. ಅದರಲ್ಲಿ 64 ಇರುವುದರಿಂದ ಕಡತ ಸೃಷ್ಟಿಯಾಗುತ್ತಿತ್ತು, ಹುಡುಗನಿಗೆ ಸಂಶಯವೇ ಬರಲಿಲ್ಲ. ಸಾವಿರವನ್ನು ಬಿಡಿಸಿದರೆ 512, 256, 128, 64, 32, 8. ಇದರಲ್ಲಿ 128 ಎಂಬುದು ಓ_ಎಕ್ಸ್‌ಕ್ಲ್. ಓ_ಕ್ರಿಯಟ್ ಜೊತೆಗೆ ಅದು ಬಂದರೆ, ಕಡತ ಮೊದಲೇ ಇದ್ದ ಪಕ್ಷದಲ್ಲಿ ತೆರೆಯಬೇಡ ಎಂದರ್ಥ. ಎರಡನೇ ಸಲ ಕರ್ನಲ್ ಹಿಂದಿರುಗಿಸುತ್ತಿದ್ದದ್ದು ಋಣ 17, ಅಂದರೆ ಕಡತ ಈಗಾಗಲೇ ಇದೆ ಎಂಬ ದೋಷ. ಪ್ರೋಗ್ರಾಮ್ ಅದನ್ನು ಪರೀಕ್ಷಿಸದೆ ಕಡತದ ಸಂಖ್ಯೆಯೆಂದೇ ಬಳಸುತ್ತಿತ್ತು. ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿದ ಕೂಡಲೇ, ಅವನು ಎಲ್ಲಿಯೂ ಬರೆಯದ ಓ_ಎಕ್ಸ್‌ಕ್ಲ್ ಪರದೆಯ ಮೇಲೆ ಮೂಡಿತು. ಎಸ್‌ಟ್ರೇಸ್ ಬೆಲೆಗಳನ್ನು ಮತ್ತೆ ಹೆಸರುಗಳಾಗಿ ಬಿಡಿಸಿ ತೋರಿಸುವುದರಿಂದ ಇಂತಹ ತಪ್ಪಿಗೆ ಅದಕ್ಕಿಂತ ಒಳ್ಳೆಯ ಕನ್ನಡಿ ನನಗೆ ಗೊತ್ತಿಲ್ಲ.

ಅದೇ ಪ್ರೋಗ್ರಾಮ್‌ನಲ್ಲಿ ಅನುಮತಿಯ ಬೆಲೆಯೂ 0644 ಎಂದಿತ್ತು. ದಶಮಾನದ 644 ಎಂದರೆ ಆಕ್ಟಲ್‌ನಲ್ಲಿ 1204. ಹಾಗಾಗಿ ಹುಟ್ಟಿದ ಕಡತಕ್ಕೆ ಒಡೆಯನು ಬರೆಯಬಹುದಿತ್ತು, ಓದುವಂತಿರಲಿಲ್ಲ. ಓದುವ ಅನುಮತಿ ಊರಿನವರಿಗೆಲ್ಲ ಇತ್ತು. ಬೇಕಿದ್ದದ್ದು 420. ನ್ಯಾಸ್ಮ್‌ನಲ್ಲಿ ಆಕ್ಟಲ್ ಬರೆಯಲೇಬೇಕಿದ್ದರೆ ಸಂಖ್ಯೆಯ ಕೊನೆಯಲ್ಲಿ ಇಂಗ್ಲಿಷಿನ ಕ್ಯೂ ಅಥವಾ ಓ ಅಕ್ಷರ ಸೇರಿಸಿ. ಓ ಅಕ್ಷರವನ್ನು ಸೊನ್ನೆಯೆಂದು ಓದುವ ಕಣ್ಣುಗಳು ಬಹಳ ಇರುವುದರಿಂದ ನಾನು ಕ್ಯೂ ಬಳಸುತ್ತೇನೆ.

ಅಂತರ್ಜಾಲದಲ್ಲಿ ಸಿಕ್ಕ ಬೆಲೆಯನ್ನು ನಂಬಬಹುದೇ?

ಅದು ಯಾವ ವ್ಯವಸ್ಥೆಯದೆಂದು ಬರೆದಿಲ್ಲದಿದ್ದರೆ ನಂಬಬೇಡಿ. ಪುಣೆಯ ಬಸ್ಸಿನ ನಂಬರು ಹಿಡಿದು ಮುಂಬೈಯಲ್ಲಿ ಬಸ್ಸು ಹತ್ತಿದರೆ ಎಲ್ಲಿಯೋ ಒಂದು ಕಡೆ ಇಳಿಯುತ್ತೀರಿ, ಆದರೆ ಹೋಗಬೇಕಾದ ಊರಲ್ಲ. ಮ್ಯಾಕ್ ವ್ಯವಸ್ಥೆಯಲ್ಲಿ ಓ_ಕ್ರಿಯಟ್‌ನ ಬೆಲೆ 512. ಅದೇ 512 ಲಿನಕ್ಸ್‌ನಲ್ಲಿ ಓ_ಟ್ರಂಕ್. ಮ್ಯಾಕ್‌ನ ಇನ್‌ಕ್ಲೂಡ್ ಕಡತವನ್ನು ಲಿನಕ್ಸ್‌ಗೆ ತಂದು, ಇಲ್ಲದಿದ್ದರೆ ಸೃಷ್ಟಿಸು ಎಂಬ ಉದ್ದೇಶದಿಂದ ಬರೆಯಲು ತೆರೆದರೆ, ಇಲ್ಲದ ಕಡತ ಸೃಷ್ಟಿಯಾಗುವುದಿಲ್ಲ, ಇರುವ ಕಡತ ಖಾಲಿಯಾಗುತ್ತದೆ. ಮ್ಯಾಕ್‌ನ ಓ_ಟ್ರಂಕ್ ಆದ 1024 ಲಿನಕ್ಸ್‌ನಲ್ಲಿ ಓ_ಅಪೆಂಡ್, ಅಂದರೆ ಕೊನೆಗೆ ಸೇರಿಸು.

ಲಿನಕ್ಸ್ ಒಂದರಲ್ಲಿಯೇ ಪ್ರೊಸೆಸರ್ ಬದಲಾದರೆ ಬೆಲೆಗಳು ಬದಲಾಗುತ್ತವೆಯೇ?

ಸಿಸ್ಟಮ್ ಕಾಲ್‌ಗಳ, ಅಂದರೆ ಕರ್ನಲ್‌ಗೆ ಮಾಡುವ ಕರೆಗಳ ಸಂಖ್ಯೆಗಳು ಬದಲಾಗುತ್ತವೆ, ಕೆಲವು ಸ್ಥಿರಾಂಕಗಳೂ ಬದಲಾಗುತ್ತವೆ. ರೈಟ್ ಎಂಬ ಕರೆ 32 ಬಿಟ್ ಇಂಟೆಲ್‌ನಲ್ಲಿ 4, 64 ಬಿಟ್‌ನಲ್ಲಿ 1, 64 ಬಿಟ್ ಆರ್ಮ್‌ನಲ್ಲಿ 64. ಎಕ್ಸಿಟ್ ಕ್ರಮವಾಗಿ 1, 60, 93. 64 ಬಿಟ್ ಆರ್ಮ್‌ನಲ್ಲಿ ಓಪನ್ ಎಂಬ ಕರೆಯೇ ಇಲ್ಲ. ಆ ಹೆಸರು ನಿಮ್ಮ ಇನ್‌ಕ್ಲೂಡ್ ಕಡತದಲ್ಲಿ ಇಲ್ಲದಿರುವುದು ಯಾರ ಮರೆವೂ ಅಲ್ಲ, ಓಪನ್‌ಎಟ್ ಬಳಸಬೇಕು, ಅದರ ಸಂಖ್ಯೆ 56. ಓ_ಡೈರೆಕ್ಟರಿ ಇಂಟೆಲ್‌ನಲ್ಲಿ 65536, ಆರ್ಮ್‌ನಲ್ಲಿ 16384. ಓ_ಡೈರೆಕ್ಟ್‌ಗೆ ಇದೇ ಎರಡು ಬೆಲೆಗಳು ಅದಲುಬದಲಾಗಿವೆ. ಇತ್ತೀಚೆಗೆ ಸೇರಿದ, 424ರಿಂದ ಮುಂದಿನ ಸಿಸ್ಟಮ್ ಕಾಲ್‌ಗಳಿಗೆ ಬಹುತೇಕ ಎಲ್ಲ ಪ್ರೊಸೆಸರ್‌ಗಳಲ್ಲಿ ಒಂದೇ ಸಂಖ್ಯೆ ಕೊಡುತ್ತಿರುವುದು ಸಮಾಧಾನದ ವಿಷಯ.

ಲ್ಯಾಬಿನ ಕೈಪಿಡಿಯಲ್ಲಿರುವ ಸ್ಥಿರಾಂಕಗಳನ್ನು ಸೇರಿಸಿದರೆ ಪ್ರೋಗ್ರಾಮ್ ಏನನ್ನೂ ತೋರಿಸದೆ ಮುಗಿದುಹೋಗುತ್ತದೆ. ಏಕೆ?

ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಲಿನಕ್ಸ್ ಮೇಲೆ ನ್ಯಾಸ್ಮ್ ಬಳಸಿ 64 ಬಿಟ್ ಪ್ರೋಗ್ರಾಮ್ ಬರೆಯುವುದು ಸಾಮಾನ್ಯ. ಅವರ ಕೈಯಲ್ಲಿ ಓಡಾಡುವ ಜೆರಾಕ್ಸ್ ಪ್ರತಿಗಳಲ್ಲಿ ಎರಡು ಕಾಲದ ಸಾಲುಗಳು ಕಲಸಿಕೊಂಡಿರುವುದನ್ನು ನೋಡಿದ್ದೇನೆ: ಸಂಖ್ಯೆಗಳು 64 ಬಿಟ್‌ನವು, ಕರೆಯುವ ಆದೇಶ ಮಾತ್ರ ಹಳೆಯ ಇಂಟ್ 80 (ಈ 80 ಹೆಕ್ಸ್‌ನದು). ಇಂಟ್ 80ರ ಮೂಲಕ ಕರೆದಾಗ ಕರ್ನಲ್ 32 ಬಿಟ್‌ನ ಕೋಷ್ಟಕವನ್ನೇ ನೋಡುತ್ತದೆ. ಅಲ್ಲಿ 1 ಎಂದರೆ ಎಕ್ಸಿಟ್. ನೀವು ಬರೆ ಎಂದು ಕೇಳಿದ್ದೀರಿ, ಕರ್ನಲ್ ಹೊರಡು ಎಂದು ಕೇಳಿಸಿಕೊಂಡಿದೆ. ತಿರುಗಿಸಿ ನೋಡಿದರೆ, 64 ಬಿಟ್‌ನ ಕರೆಯುವ ಆದೇಶವಾದ ಸಿಸ್‌ಕಾಲ್‌ಗೆ 32 ಬಿಟ್‌ನ 4 ಕೊಟ್ಟಾಗ ಅದು ರೈಟ್ ಆಗದೆ ಸ್ಟ್ಯಾಟ್ ಎಂಬ ಕರೆಯಾಗುತ್ತದೆ. ಇಂಟ್ 80ಕ್ಕೆ 64 ಬಿಟ್‌ನ ಎಕ್ಸಿಟ್ ಆದ 60 ಕೊಟ್ಟರೆ ಯುಮಾಸ್ಕ್ ಎಂಬ ಬೇರೆ ಕರೆಯಾಗಿ, ಪ್ರೋಗ್ರಾಮ್ ಮುಗಿಯದೆ ಮುಂದೆ ಓಡಿ ಎಲ್ಲಿಯೋ ಬೀಳುತ್ತದೆ. 64 ಬಿಟ್ ಪ್ರೋಗ್ರಾಮ್‌ನಲ್ಲಿ ಇಂಟ್ 80 ಬೇಡ.

ವಿಂಡೋಸ್‌ನಲ್ಲಿ ಯಾವ ಸ್ಥಿರಾಂಕಗಳು ಹೆಚ್ಚಾಗಿ ಸಿಗುವುದಿಲ್ಲ?

ಹಳೆಯ ಇನ್‌ಕ್ಲೂಡ್ ಕಡತ ತಯಾರಾದ ನಂತರ ಬಂದವು. ವಿಸ್ಟಾದಲ್ಲಿ ಬಂದ ಡಬ್ಲ್ಯೂಎಮ್_ಕ್ಲಿಪ್‌ಬೋರ್ಡ್‌ಅಪ್‌ಡೇಟ್‌ನ ಬೆಲೆ 797, ವಿಂಡೋಸ್ 7ರ ಡಬ್ಲ್ಯೂಎಮ್_ಟಚ್ 576, 8.1ರ ಡಬ್ಲ್ಯೂಎಮ್_ಡಿಪಿಐಚೇಂಜ್ಡ್ 736. ಕನ್ಸೋಲ್‌ನಲ್ಲಿ ಬಣ್ಣದ ಅಕ್ಷರಗಳಿಗಾಗಿ ವಿಂಡೋಸ್ 10ರಲ್ಲಿ ಬಂದ ಎನೇಬಲ್_ವರ್ಚುಅಲ್_ಟರ್ಮಿನಲ್_ಪ್ರೊಸೆಸಿಂಗ್‌ನ ಬೆಲೆ 4. ಒಂದೇ ಹೆಸರಿಗೆ ಎರಡು ಬೆಲೆಗಳಿರುವ ಜಾತಿಯೂ ಇದೆ: ಎಲ್‌ವಿಎಮ್_ಇನ್ಸರ್ಟ್‌ಐಟಮ್‌ನ ಬೆಲೆ ಆನ್ಸಿಯಲ್ಲಿ 4103, ಯುನಿಕೋಡ್‌ನಲ್ಲಿ 4173. ಪಟ್ಟಿಯಲ್ಲಿ ಕನ್ನಡ ಅಕ್ಷರಗಳನ್ನು ತೋರಿಸಬೇಕಾದವರು ಎರಡನೆಯದನ್ನು ಬಳಸಬೇಕು.

32 ಬಿಟ್‌ನ ಇನ್‌ಕ್ಲೂಡ್ ಕಡತವನ್ನು 64 ಬಿಟ್‌ಗೆ ಎಳೆದು ತರುವವರು ಸ್ಥಿರಾಂಕಗಳಿಗಿಂತ ಸ್ಟ್ರಕ್ಚರ್‌ಗಳಲ್ಲಿ ಹೆಚ್ಚು ನಷ್ಟ ಅನುಭವಿಸುತ್ತಾರೆ. ಸ್ಟಾರ್ಟ್‌ಅಪ್‌ಇನ್‌ಫೋ 32 ಬಿಟ್‌ನಲ್ಲಿ 68 ಬೈಟ್, 64 ಬಿಟ್‌ನಲ್ಲಿ 104. ಇನ್‌ವ್ಯಾಲಿಡ್_ಹ್ಯಾಂಡಲ್_ವ್ಯಾಲ್ಯೂ ಎಂಬ ಋಣ 1 ಅನ್ನು ಹೋಲಿಸುವಾಗ 64 ಬಿಟ್ಟುಗಳನ್ನೂ ಹೋಲಿಸಿ.

ಹೆಡರ್‌ಗಳನ್ನು ತಾನಾಗಿಯೇ ಬದಲಾಯಿಸುವ ಸಾಧನ ಇಲ್ಲವೇ?

ಮ್ಯಾಸ್ಮ್ 6ರ ಜೊತೆಗೆ ಎಚ್2ಇಂಕ್ ಎಂಬುದು ಬರುತ್ತಿತ್ತು. ಇಂದಿನ ಹೆಡರ್‌ಗಳು ಅದರ ಜೀರ್ಣಶಕ್ತಿಗೆ ಮೀರಿದವು. ಗ್ಯಾಸ್ ಬಳಸುವವರಿಗೆ ಒಂದು ಅನುಕೂಲವಿದೆ: ಕಡತದ ಹೆಸರಿನ ಕೊನೆಗೆ ದೊಡ್ಡಕ್ಷರದ ಎಸ್ ಇಟ್ಟು ಜಿಸಿಸಿಯಿಂದ ಅಸೆಂಬಲ್ ಮಾಡಿಸಿದರೆ ಸಿ ಪ್ರೀಪ್ರೊಸೆಸರ್ ಮೊದಲು ಓಡುತ್ತದೆ, ಆದ್ದರಿಂದ ಸಿಸ್ಟಮ್ ಕಾಲ್ ಸಂಖ್ಯೆಗಳ ಹೆಡರನ್ನು ನೇರವಾಗಿ ಸೇರಿಸಬಹುದು. ಫಂಕ್ಷನ್‌ಗಳ ಘೋಷಣೆಯಿರುವ ಹೆಡರ್‌ಗಳಿಗೆ ಇದು ನಡೆಯುವುದಿಲ್ಲ.

ಪಡೆದ ಬೆಲೆಯನ್ನು ಎಲ್ಲಿ ಸೇರಿಸಬೇಕು?

ನಿಮ್ಮದೇ ಬೇರೊಂದು ಕಡತದಲ್ಲಿ. ಪ್ಯಾಕೇಜಿನ ಇನ್‌ಕ್ಲೂಡ್ ಕಡತವನ್ನು ತಿದ್ದಿದರೆ ಮುಂದಿನ ಆವೃತ್ತಿ ಹಾಕಿದ ದಿನ ತಿದ್ದಿದ್ದೆಲ್ಲ ಹೋಗುತ್ತದೆ. ಮುಂದಿನ ಆವೃತ್ತಿಯಲ್ಲಿ ಅವರೇ ಆ ಸ್ಥಿರಾಂಕವನ್ನು ಸೇರಿಸಿಬಿಟ್ಟರೆ ಎಂಬ ಭಯಕ್ಕೆ ಮ್ಯಾಸ್ಮ್‌ನಲ್ಲಿ ಇಫ್‌ಎನ್‌ಡೆಫ್ ಇದೆ. ಪ್ಯಾಕೇಜಿನ ಕಡತದ ನಂತರ ನಿಮ್ಮ ಕಡತವನ್ನು ಸೇರಿಸಿ, ಹೆಸರು ಇಲ್ಲದಿದ್ದರೆ ಮಾತ್ರ ಘೋಷಿಸಿ.

ನ್ಯಾಸ್ಮ್‌ನಲ್ಲಿ ಇಲ್ಲೊಂದು ಹೊಂಡವಿದೆ. ಅದರ ಇಫ್‌ಎನ್‌ಡೆಫ್ ಡಿಫೈನ್ ಮೂಲಕ ಬಂದ ಮ್ಯಾಕ್ರೊಗಳನ್ನಷ್ಟೇ ಕಾಣುತ್ತದೆ, ಈಕ್ವು ಮೂಲಕ ಘೋಷಿಸಿದ ಹೆಸರು ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈಕ್ವು ಹೆಸರನ್ನು ಹೀಗೆ ಕಾಯಲು ಹೋದರೆ, ಇಲ್ಲವೆಂದು ತಿಳಿದು ಎರಡನೇ ಸಲ ಘೋಷಿಸುತ್ತದೆ; ಎರಡು ಬೆಲೆಗಳು ಬೇರೆಯಾಗಿದ್ದರೆ ದೋಷ ಬರುತ್ತದೆ. ಡಿಫೈನ್ ಬಳಸುವುದಾದರೆ ಬೆಲೆಯಲ್ಲಿ ಲೆಕ್ಕವಿದ್ದಾಗ ಆವರಣ ಹಾಕಿ. 4+1 ಎಂದು ಬರಿದೆ ಬರೆದ ಮ್ಯಾಕ್ರೊವನ್ನು ಎರಡರಿಂದ ಗುಣಿಸಿದರೆ ಬರುವುದು 10 ಅಲ್ಲ, 6.

ಹೆಸರನ್ನು ಬಿಟ್ಟು ಸಂಖ್ಯೆಯನ್ನೇ ನೇರವಾಗಿ ಬರೆಯಬಹುದೇ?

ಬರೆಯಬಹುದು, ಯಂತ್ರಕ್ಕೆ ವ್ಯತ್ಯಾಸವಿಲ್ಲ. ಆರು ತಿಂಗಳ ನಂತರ 577 ಎಂಬುದು ಓ_ಡಬ್ಲ್ಯೂಆರ್‌ಓನ್ಲಿ, ಓ_ಕ್ರಿಯಟ್, ಓ_ಟ್ರಂಕ್ ಮೂರೂ ಸೇರಿದ್ದು ಎಂದು ನೀವು ನೋಡಿದ ಕೂಡಲೇ ಹೇಳುವಿರಾದರೆ ನನ್ನ ಆಕ್ಷೇಪಣೆಯೂ ಇಲ್ಲ.

ಸ್ಥಿರಾಂಕವನ್ನು ಸರಿಯಾಗಿಯೇ ಸೇರಿಸಿದ್ದೇನೆ, ಆದರೂ ಕರೆ ವಿಫಲವಾಗುತ್ತದೆ. ಈಗೇನು?

ಹೆಸರನ್ನು ಘೋಷಿಸಿದ ಮಾತ್ರಕ್ಕೆ ವ್ಯವಸ್ಥೆಯಲ್ಲಿ ಆ ಸೌಲಭ್ಯ ಹುಟ್ಟುವುದಿಲ್ಲ. ಓಪನ್‌ಎಟ್2 ಎಂಬ 437ನೇ ಕರೆ ಲಿನಕ್ಸ್ 5.6ರಲ್ಲಿ, ಅಂದರೆ 2020ರಲ್ಲಿ ಬಂದದ್ದು. ಅದಕ್ಕಿಂತ ಹಳೆಯ ಕರ್ನಲ್ ಇರುವ ಯಂತ್ರದಲ್ಲಿ ಅದೇ ಪ್ರೋಗ್ರಾಮ್ ಓಡಿಸಿದರೆ ಉತ್ತರ ಬರುವ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ ಋಣ 38 ಬರುತ್ತದೆ. ಇಂತಹ ಕರೆ ಇಲ್ಲಿಲ್ಲ ಎಂದರ್ಥ. ವಿಂಡೋಸ್ 7ರಲ್ಲಿ ಮೇಲೆ ಹೇಳಿದ ಕನ್ಸೋಲ್‌ನ 4 ಅನ್ನು ಕೊಟ್ಟರೆ ಸೆಟ್‌ಕನ್ಸೋಲ್‌ಮೋಡ್ ಸೊನ್ನೆ ಹಿಂದಿರುಗಿಸುತ್ತದೆ. ಲಿನಕ್ಸ್‌ನಲ್ಲಿ ಋಣ 1ರಿಂದ ಋಣ 4095ರ ವರೆಗಿನ ಉತ್ತರಗಳೆಲ್ಲ ದೋಷಗಳೇ ಆದ್ದರಿಂದ ಪ್ರತಿ ಸಿಸ್‌ಕಾಲ್‌ನ ಕೆಳಗೆ ಆ ಪರೀಕ್ಷೆಯ ಎರಡು ಸಾಲು ಬರೆಯಿರಿ. ಋಣ 38 ಬಂದರೆ ಹಳೆಯ ಓಪನ್‌ಎಟ್‌ಗೆ ಹಿಂದಿರುಗಿ. ಋಣ 22 ಬಂದರೆ ಕರೆ ಇದೆ, ನೀವು ಕೊಟ್ಟ ಬೆಲೆ ಅದಕ್ಕೆ ಒಪ್ಪಿಗೆಯಾಗಿಲ್ಲ, ಎಸ್‌ಟ್ರೇಸ್ ಹಾಕಿ ನೋಡಿ.